ಮೃತ್ಯುದೇವತೆಯೂ ಹಿಟ್ಟಿನ ಕೋಳಿಯೂ

ಸಾವಿಗೊಂದು ಮುಖವನ್ನು ಕಲ್ಪಿಸುವುದು ಮಾನವನ ಬಲು ಹಳೆಯ ಅಭ್ಯಾಸ. ಮುಖವಿದ್ದರೆ ಎದುರು ನಿಂತು ಬೇಡಿಕೊಳ್ಳಬಹುದು; ಬೇಡಬಹುದಾದರೆ ಏನನ್ನಾದರೂ ಕೊಟ್ಟು ಒಪ್ಪಿಸಲೂಬಹುದು. ಯಮನಾಗಲಿ ಮಾರಿಯಾಗಲಿ ಜನಮನದಲ್ಲಿ ನೆಲೆನಿಂತದ್ದರಲ್ಲಿ ಈ ಆಸೆಯ ಪಾಲು ದೊಡ್ಡದು. ಶೃಂಗೇರಿ ಸೀಮೆಯ ಅಡ್ಡಗದ್ದೆಯಂತಹ ಮಲೆನಾಡಿನ ಊರುಗಳಲ್ಲಿ ಕಾಡು, ಮಳೆ, ಜ್ವರಗಳ ನಡುವೆ ಬಾಳಿದ ಹಿಂದಿನವರಿಗೆ ಸಾವಿನ ಭಯ ಕಲ್ಪನೆಯ ಮಾತಾಗಿರಲಿಲ್ಲ. ಆ ಭಯವನ್ನು ಹಗುರಾಗಿ ಕಾಣುವುದು ತರವಲ್ಲ. ಆದರೆ ಭಯದಿಂದ ಹುಟ್ಟಿದ ಆಚಾರವು ಧರ್ಮವಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸಿಡುಬು ಮಾರಿಯ ಮುನಿಸೆಂದು ನಂಬಿದ್ದ ಕಾಲವೊಂದಿತ್ತು. ಆ ರೋಗವು ಜಗತ್ತಿನಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು, ತೊಲಗಿಸಿದ್ದು ಲಸಿಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಬರುವುದೆಂದು ಇಂದು ಮಲೆನಾಡಿನ ಮಕ್ಕಳೂ ಬಲ್ಲರು. ಕಾರಣವನ್ನು ಅರಿತಾಗ ದೇವತೆಯ ಮೇಲಣ ಆರೋಪ ತಾನಾಗಿ ಕಳಚುತ್ತದೆ.

ಜೈನ ಸಿದ್ಧಾಂತದಲ್ಲಿ ಮೃತ್ಯುವಿಗೆ ಅಧಿದೇವತೆಯಿಲ್ಲ. ಎಂಟು ಕರ್ಮಗಳಲ್ಲಿ ಆಯುಷ್ಕರ್ಮವೊಂದು. ಅದು ತೀರಿದೊಡನೆ ಜೀವವು ದೇಹವನ್ನು ಬಿಟ್ಟು, ತಾನೇ ಕಟ್ಟಿಕೊಂಡ ಗತಿಗೆ ಸಾಗುತ್ತದೆ. ನಡುವೆ ಪಾಶ ಹಿಡಿದ ಯಮನಿಲ್ಲ, ಲೆಕ್ಕ ಓದುವ ಚಿತ್ರಗುಪ್ತನಿಲ್ಲ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಪೂಜೆಗೊಳ್ಳುವ ಜ್ವಾಲಾಮಾಲಿನಿಯು ಎಂಟನೆಯ ತೀರ್ಥಂಕರರಾದ ಚಂದ್ರಪ್ರಭಸ್ವಾಮಿಯ ಯಕ್ಷಿ. ಆಕೆಯ ಹೆಸರಿನಲ್ಲೇ ಜ್ವಾಲೆಯಿದೆ. ಆದರೂ ಆಕೆಗೆ ರಕ್ತ ಸಲ್ಲುವುದಿಲ್ಲ. ಜೀವಿಯ ಆಯುಷ್ಯವನ್ನು ಕಳೆಯುವ ಅಧಿಕಾರವನ್ನು ಸಿದ್ಧಾಂತವು ಆಕೆಗೂ ಕೊಟ್ಟಿಲ್ಲ.

ಕನ್ನಡ ಸಾಹಿತ್ಯದಲ್ಲಿ ಮೃತ್ಯುದೇವತೆಯ ವಿಚಾರವನ್ನು ಮೂಲದವರೆಗೆ ಕೆದಕಿದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಈ ಕವಿಯು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಚಂಡಮಾರಿಗೆ ಬಲಿ ಕೊಡಲು ಮಾರಿದತ್ತರಾಜನು ಅಭಯರುಚಿ, ಅಭಯಮತಿಯರೆಂಬ ಎಳೆಯರನ್ನು ಹಿಡಿತರಿಸುತ್ತಾನೆ. ಸಾವಿನೆದುರು ಅಂಜದೆ ನಿಂತ ಅಭಯರುಚಿಯು ತಮ್ಮಿಬ್ಬರ ಹಿಂದಿನ ಭವಗಳ ಕಥೆಯನ್ನು ಹೇಳುತ್ತಾನೆ. ಆತನೇ ಒಮ್ಮೆ ಉಜ್ಜಯಿನಿಯ ದೊರೆ ಯಶೋಧರನಾಗಿದ್ದನು. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ ಆತ ಒಪ್ಪಲಿಲ್ಲ. ಕೊನೆಗೆ ತಾಯಿಯ ಮಾತನ್ನೂ ಮೀರದಂತೆ, ಕೊಲೆಯೂ ಆಗದಂತೆ ಹಿಟ್ಟಿನ ಕೋಳಿಯನ್ನು ಕಡಿದನು. ಅಷ್ಟಕ್ಕೇ ತಾಯಿಮಕ್ಕಳು ನವಿಲು, ನಾಯಿ, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಇದನ್ನು ಕೇಳಿದ ಮಾರಿದತ್ತನು ಹಿಂಸೆಯನ್ನು ತೊರೆದನು.

ಇಲ್ಲಿ ಇಂದಿನ ಓದುಗರಿಗೆ ಸಂದೇಹವೇಳುವುದು ಸಹಜ. ಜೀವವುಳ್ಳ ಕೋಳಿಗಿಂತ ಹಿಟ್ಟಿನ ಕೋಳಿ ಮೇಲಲ್ಲವೆ? ಕೋಳಿಯ ಕಡೆಯಿಂದ ನೋಡಿದರೆ ನಿಶ್ಚಯವಾಗಿಯೂ ಮೇಲು. ಒಂದು ಪ್ರಾಣ ಉಳಿಯಿತು. ಕಡಿದವನ ಕಡೆಯಿಂದ ನೋಡಿದರೆ ಮಾತು ಬೇರೆ. ಯಶೋಧರನಿಗೆ ಅದು ಹಿಟ್ಟೆಂದು ತಿಳಿದಿತ್ತು. ಆದರೆ ದೇವಿಯು ಅದನ್ನು ನಿಜವಾದ ಕೋಳಿಯೆಂದೇ ಸ್ವೀಕರಿಸಲಿ ಎಂಬುದು ಆತನ ಬೇಡಿಕೆ. ಒಂದು ಪ್ರಾಣವನ್ನು ತೆತ್ತು ತನ್ನ ಕ್ಷೇಮವನ್ನು ಕೊಳ್ಳುವೆನೆಂಬ ಭಾವ ಹಾಗೆಯೇ ಉಳಿಯಿತು. ಇದೇ ಸಂಕಲ್ಪಹಿಂಸೆ. ಒಕ್ಕಲುತನದಲ್ಲಿ, ಅಡುಗೆಮನೆಯಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಯನ್ನು ಶ್ರಾವಕನು ಆದಷ್ಟು ಕಡಿಮೆ ಮಾಡಬೇಕು; ಸಂಕಲ್ಪಹಿಂಸೆಯನ್ನಾದರೋ ಪೂರ್ತಿಯಾಗಿ ಬಿಡಬೇಕೆಂಬುದು ಶಾಸ್ತ್ರದ ಅಭಿಪ್ರಾಯ.

ಆಯುಧಪೂಜೆಯಂದು ಅಂಗಡಿಯ ಮುಂದೆ, ಲಾರಿಯ ಗಾಲಿಯ ಮುಂದೆ ಕುಂಕುಮ ತುಂಬಿದ ಕುಂಬಳಕಾಯಿಯನ್ನು ಒಡೆಯುವ ವರ್ತಕರು ಈ ಕಥೆಯನ್ನೊಮ್ಮೆ ನೆನೆಯುವುದು ಒಳಿತು. ಕಾಯಿ ಒಡೆಯುವಾಗ ಮನಸ್ಸು ಬಲಿಯ ಕಡೆಗೆ ಹೋಗುತ್ತಿದೆಯೋ, ಬಲಿಯಿಂದ ದೂರ ಸರಿಯುತ್ತಿದೆಯೋ ಎಂಬುದನ್ನು ಅವರವರೇ ನೋಡಿಕೊಳ್ಳಬೇಕು. ಪ್ರಾಣಿಬಲಿಯನ್ನು ತಡೆಯುವ ಕಾನೂನು ನಮ್ಮ ನಾಡಿನಲ್ಲಿ 1959ರಲ್ಲಿಯೇ ಬಂದಿತು. ಕಾನೂನು ಕತ್ತಿಯನ್ನು ತಡೆಯಬಲ್ಲದು, ಸಂಕಲ್ಪವನ್ನು ಅರಿಯಲಾರದು.

ಈಚಿನ ತಲೆಮಾರಿನ ಆಟಗಳಲ್ಲಿಯೂ ಮೃತ್ಯುದೇವತೆ ಬಂದಿದ್ದಾನೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಆಟಗಾರರು ಕಲ್ಪಿತ ಲೋಕವೊಂದರ ಪಾತ್ರಗಳಾಗಿ ದಾಳ ಉರುಳಿಸುತ್ತಾರೆ. ಆ ಆಟದಲ್ಲಿ ಬಳಕೆಯಾಗುವ ಲೋಕವೊಂದರಲ್ಲಿ ಸತ್ತವರಿಗೆ ನ್ಯಾಯ ಹೇಳುವವನು ಕೆಲೆಮ್ವೋರ್. ಮೊದಲು ಮನುಷ್ಯನಾಗಿದ್ದು ಆಮೇಲೆ ದೇವನಾದವನು. ಇಂತಹ ಆಟದಲ್ಲಿ ಕೊಲ್ಲುವ ಮಕ್ಕಳೆಲ್ಲ ಯಶೋಧರನ ದೋಷಕ್ಕೆ ಗುರಿಯಾಗುವರೆಂದು ಹೇಳುವುದು ದುಡುಕಾದೀತು. ದಾಳ ಎತ್ತಿಟ್ಟ ಮೇಲೆ ಆ ಸಾವಿನಿಂದ ಯಾವ ಲಾಭವನ್ನೂ ಅವರು ಬೇಡುವುದಿಲ್ಲ. ಆದರೆ ಪರರ ನೋವಿನಲ್ಲಿ ರುಚಿ ಹುಟ್ಟತೊಡಗಿದರೆ, ಅಲ್ಲಿಂದ ಮುಂದೆ ಅದು ಆಟವಾಗಿ ಉಳಿಯದು. ತಂದೆತಾಯಿಗಳು ಆಟದ ಹೆಸರನ್ನು ಕೇಳಿ ಬೆಚ್ಚುವುದಕ್ಕಿಂತ, ಆಡುವ ಮಗುವಿನ ಮನಸ್ಸನ್ನು ಗಮನಿಸುವುದು ಲೇಸು.

ಶೃಂಗೇರಿಯ ಪಾರ್ಶ್ವನಾಥ ಬಸದಿಯು 12ನೆಯ ಶತಮಾನದಲ್ಲಿ ಮಾರಿಸೆಟ್ಟಿ ಎಂಬವನ ನೆನಪಿಗಾಗಿ ಕಟ್ಟಿದ್ದು. ಅಗಲಿದವನಿಗಾಗಿ ಆತನ ಕಡೆಯವರು ಮೃತ್ಯುವಿಗೆ ಕಾಣಿಕೆ ಸಲ್ಲಿಸಲಿಲ್ಲ. ಮೃತ್ಯುವನ್ನು ಗೆದ್ದ ಜಿನನಿಗೆ ನೆಲೆಯೊಂದನ್ನು ಕಟ್ಟಿದರು. ಎಂಟು ಶತಮಾನಗಳ ಮೇಲೂ ಅಲ್ಲಿ ದೀಪ ಉರಿಯುತ್ತಿದೆ.