ಯಾರೂ ಕೇಳಿರದ ಹಾಡು ಯಾರದು?

ಹೆಚ್ಚು ಮಂದಿ ಕೇಳಿರದ ಹಾಡೊಂದು ಸಿಕ್ಕಿ, ಅದು ಮನಸ್ಸಿಗೂ ಹಿಡಿಸಿದಾಗ ಕೇಳುಗನಲ್ಲಿ ಎರಡು ಆಸೆಗಳು ಒಟ್ಟಿಗೇ ಹುಟ್ಟುತ್ತವೆ. ಯಾರನ್ನಾದರೂ ಹಿಡಿದು ಕೂರಿಸಿ ಈಗಲೇ ಕೇಳಿಸಿಬಿಡಬೇಕು ಎನ್ನುವುದು ಒಂದು. ಇದು ತನ್ನ ಬಳಿಯೇ ಇರಲಿ, ಊರಿಗೆಲ್ಲ ಗೊತ್ತಾಗುವುದು ಬೇಡ ಎನ್ನುವುದು ಇನ್ನೊಂದು. ಮೊದಲನೆಯದನ್ನು ಧಾರಾಳತನ, ಎರಡನೆಯದನ್ನು ಜಿಪುಣತನ ಎಂದು ಕರೆದು ಮುಗಿಸುವುದು ರೂಢಿ. ಆದರೆ ಚೆಲುವಿನ ಅನುಭವ ಯಾರೊಬ್ಬರ ಸ್ವತ್ತಾಗಬಲ್ಲದೇ, ಹಂಚಿದರೆ ಅದು ಹಿಗ್ಗುತ್ತದೆಯೇ ಕುಗ್ಗುತ್ತದೆಯೇ ಎಂಬ ಹಳೆಯ ತಾತ್ವಿಕ ಪ್ರಶ್ನೆ ಈ ಎಳೆದಾಟದೊಳಗೆ ಕೂತಿದೆ. ಅದನ್ನು ಪರೀಕ್ಷಿಸಿ ನೋಡಲು 1970ರ ದಶಕದ ಪಂಕ್ ಮತ್ತು ಅದರ ನೆರೆಹೊರೆಯ ಅಂಡರ್‌ಗ್ರೌಂಡ್ ರಾಕ್ ಒಳ್ಳೆಯ ಜಾಗ. ಅಲ್ಲಿನ ಎಷ್ಟೋ ಹಾಡುಗಳು ಹುಟ್ಟಿದ್ದೇ ಕೆಲವು ನೂರು ರೆಕಾರ್ಡುಗಳಾಗಿ.

ಈ ವಿರಳತೆಯನ್ನು ಯಾರೂ ಬೇಕೆಂದು ತಂದುಕೊಂಡಿರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ, ಅಷ್ಟೆ. ಮ್ಯಾಂಚೆಸ್ಟರ್‌ನ ಬಝ್‌ಕಾಕ್ಸ್ ತಂಡ ಮನೆಯವರು, ಗೆಳೆಯರಿಂದ ಸುಮಾರು 500 ಪೌಂಡ್ ಸಾಲ ಎತ್ತಿ, 1976ರ ಡಿಸೆಂಬರಿನಲ್ಲಿ ನಾಲ್ಕು ಹಾಡುಗಳನ್ನು ಧ್ವನಿಮುದ್ರಿಸಿ, ಮರುತಿಂಗಳೇ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ರೆಕಾರ್ಡನ್ನು ತಾನೇ ಹೊರತಂದಿತು. ಮೊದಲಿಗೆ ಒತ್ತಿಸಿದ್ದು 1000 ಪ್ರತಿ. ಯಾವ ಹಾಡು ಎಷ್ಟನೆಯ ಟೇಕಿನದು ಎಂಬುದೂ ಹೊದಿಕೆಯ ಮೇಲೆ ಅಚ್ಚಾಗಿತ್ತು. ಅದೇ 1977ರಲ್ಲಿ ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ತಂಡ ಮೊದಲ ಸಿಂಗಲ್ಲನ್ನು 153 ಪೌಂಡಿನಲ್ಲಿ ಮುಗಿಸಿತು. ಎರಡು ಹಾಡುಗಳನ್ನೂ ಒಂದೇ ಬದಿಗೆ ತುಂಬಿಸಿ, ಅದನ್ನೇ ಹಿಂಬದಿಯಲ್ಲೂ ಒತ್ತಿಸಿತ್ತು. ಇದೇನೂ ಕಷ್ಟದ ಕೆಲಸವಲ್ಲ, ದುಬಾರಿಯೂ ಅಲ್ಲ, ನೀವೂ ಮಾಡಿ ಎಂಬ ಕರೆಯನ್ನು ಹಾಡಿನೊಳಗೇ ಸೇರಿಸಿತ್ತು. ಮರುವರ್ಷ ಸ್ಕ್ರಿಟಿ ಪೊಲಿಟಿ ತಂಡ ಸ್ಟುಡಿಯೊ ಬಾಡಿಗೆಯಿಂದ ಹಿಡಿದು ರೆಕಾರ್ಡು ಒತ್ತಿಸುವ ಕೂಲಿಯ ತನಕ ಎಲ್ಲ ಖರ್ಚಿನ ಪಟ್ಟಿಯನ್ನು ತನ್ನ ಸಿಂಗಲ್ಲಿನ ಹೊದಿಕೆಯ ಮೇಲೇ ಅಚ್ಚು ಹಾಕಿಸಿತು. 1980ರಲ್ಲಿ ವಾಷಿಂಗ್ಟನ್ನಿನ ಟೀನ್ ಐಡಲ್ಸ್ ಹುಡುಗರು 1000 ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಚಿ, ಅಂಟಿಸಿದರು. ಡಿಸ್ಕಾರ್ಡ್ ಎಂಬ ಹೆಸರಾಂತ ಸಂಸ್ಥೆ ಶುರುವಾದದ್ದು ಆ ರೆಕಾರ್ಡಿನಿಂದ.

ಈ ತಂಡಗಳಿಗೆ ಹಂಚುವುದೆಂದರೆ ಹಾಡಿನ ಜೊತೆಗೆ ಹಾಡು ಹೊರತರುವ ದಾರಿಯನ್ನೂ ಬಿಟ್ಟುಕೊಡುವುದು. ಕೇಳುಗ ಕೇಳುಗನಾಗಿಯೇ ಉಳಿಯಬೇಕಿಲ್ಲ, ನಾಳೆ ಅವನೂ ಒಂದು ರೆಕಾರ್ಡು ಹಿಡಿದುಕೊಂಡು ಬರಬಹುದು ಎಂಬ ಎಣಿಕೆ ಅದರ ಹಿಂದಿತ್ತು. ಆಮೇಲೆ ಆದದ್ದು ಬೇರೆ. ಗುಟ್ಟೇ ಇರಬಾರದೆಂದು ಖರ್ಚಿನ ಲೆಕ್ಕ ತೆರೆದಿಟ್ಟಿದ್ದ ಇಂಥ ರೆಕಾರ್ಡುಗಳೇ ಹರಾಜಿನಲ್ಲಿ ಕೈಗೆಟುಕದ ಬೆಲೆಗೆ ಹೋಗುವ ಗುಟ್ಟಿನ ಸರಕುಗಳಾದವು.

ಇಲ್ಲಿ ಎರಡು ವಸ್ತುಗಳನ್ನು ಬೇರ್ಪಡಿಸಿಕೊಳ್ಳಬೇಕು. ವಿರಳವಾದದ್ದು ರೆಕಾರ್ಡು, ಹಾಡಲ್ಲ. ಐನೂರು ಪ್ರತಿಗಳಲ್ಲಿ ಒಂದು ಒಬ್ಬನ ಕಪಾಟಿನಲ್ಲಿದ್ದರೆ ಅದು ಇನ್ನೊಬ್ಬನ ಕಪಾಟಿನಲ್ಲಿರಲಾರದು. ಹಾಡಿಗೆ ಈ ಕಟ್ಟಿಲ್ಲ. ನೂರು ಜನ ಕೇಳಿದರೂ ನೂರೊಂದನೆಯವನಿಗೆ ಅದು ಇಡಿಯಾಗಿಯೇ ಸಿಗುತ್ತದೆ. ಹಾಗಾದರೆ ಬಚ್ಚಿಡುವವನು ಕಾಯುತ್ತಿರುವುದು ಏನನ್ನು? ಅರ್ಥಶಾಸ್ತ್ರಜ್ಞ ಫ್ರೆಡ್ ಹರ್ಷ್ 1976ರ ತನ್ನ ಪುಸ್ತಕದಲ್ಲಿ, ಇತರರ ಬಳಿ ಇಲ್ಲದಿರುವುದರಿಂದಲೇ ಬೆಲೆ ಪಡೆಯುವ ಸರಕುಗಳ ಒಂದು ವರ್ಗವನ್ನು ಗುರುತಿಸಿದ. ಮೂರು ವರ್ಷಗಳ ನಂತರ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದಿಯೊ, ಅಭಿರುಚಿ ಎನ್ನುವುದು ತನ್ನನ್ನು ಇತರರಿಂದ ಮೇಲಕ್ಕೆ ಎತ್ತಿ ನಿಲ್ಲಿಸಿಕೊಳ್ಳುವ ಸಾಧನವೂ ಹೌದೆಂದು ವಾದಿಸಿದ. ಇಬ್ಬರನ್ನೂ ಒಟ್ಟಿಗೆ ಓದಿದರೆ ಉತ್ತರ ಸಿಗುತ್ತದೆ: ಬಚ್ಚಿಡುವವನು ಕಾಯುವುದು ಹಾಡಿನಿಂದ ತನಗೆ ದೊರೆತ ಸ್ಥಾನವನ್ನು. ಹಾಡು ಜನಪ್ರಿಯವಾದ ದಿನ ಅದರ ಒಂದು ಸ್ವರವೂ ಬದಲಾಗಿರುವುದಿಲ್ಲ. ಆದರೂ ‘ಮೊದಲೇ ಕೇಳಿದ್ದವನಿಗೆ’ ಏನೋ ಕಳೆದುಹೋದಂತೆ ಅನ್ನಿಸುತ್ತದೆ.

ಬಚ್ಚಿಡುವವರ ಪರವಾಗಿಯೂ ಒಂದು ಗಟ್ಟಿ ವಾದವಿದೆ. ಅದು ಅರ್ಹತೆಯದು. ಹಾಡು ಹುಟ್ಟಿದ ಇಕ್ಕಟ್ಟು, ಸಿಟ್ಟು, ಕಾಸಿಲ್ಲದ ಸ್ಥಿತಿ ಗೊತ್ತಿಲ್ಲದವರ ಕೈಗೆ ಅದನ್ನು ಕೊಟ್ಟರೆ ಅದು ಬರೀ ಸದ್ದಾಗುತ್ತದೆ, ಹುಡುಕಿ ಬಂದವನಿಗೆ ಮಾತ್ರ ಅದು ದಕ್ಕಬೇಕು ಎನ್ನುತ್ತಾರೆ. ಕನ್ನಡದ ಓದುಗರಿಗೆ ಈ ವಾದ ಹೊಸದಲ್ಲ. ಮಂತ್ರೋಪದೇಶದ ಪರಂಪರೆ ನಿಂತದ್ದೇ ‘ಅಧಿಕಾರಿ’ ಎಂಬ ಕಲ್ಪನೆಯ ಮೇಲೆ. ಮುಂದೆ ಮೇಲುಕೋಟೆಯಲ್ಲಿ ನೆಲೆಸಿದ ರಾಮಾನುಜರ ಬಗೆಗಿನ ಪ್ರಸಿದ್ಧ ಕಥೆ ಆ ಕಲ್ಪನೆಯನ್ನೇ ಎದುರಿಸುತ್ತದೆ. ಗುರು ಗೋಷ್ಠೀಪೂರ್ಣರು ಅವರನ್ನು ಹದಿನೆಂಟು ಸಲ ಅಲೆಸಿ, ಹೊರಗೆ ಹೇಳಿದರೆ ನರಕ ಎಂದು ಎಚ್ಚರಿಸಿ ಮಂತ್ರಾರ್ಥವನ್ನು ಉಪದೇಶಿಸಿದರು. ರಾಮಾನುಜರು ದೇವಾಲಯದ ಎತ್ತರವೇರಿ ನಿಂತು ನೆರೆದವರಿಗೆಲ್ಲ ಅದನ್ನು ಸಾರಿದರು. ಸಾರಿದ್ದರಿಂದ ಮಂತ್ರ ಸವೆಯಲಿಲ್ಲ ಎಂಬುದು ಕಥೆಯ ಎದ್ದು ಕಾಣುವ ಅರ್ಥ. ಅಲೆದಾಟ ವ್ಯರ್ಥವಾಗಲಿಲ್ಲ ಎಂಬುದು ಅಷ್ಟಾಗಿ ಕಾಣದ ಅರ್ಥ. ಹದಿನೆಂಟು ಸಲ ನಡೆದವರಿಗಷ್ಟೇ ತಾವು ಕೊಡುತ್ತಿರುವುದರ ತೂಕ ಗೊತ್ತು. ಅರ್ಹತೆಯ ವಾದದಲ್ಲಿ ಉಳಿಸಿಕೊಳ್ಳಬೇಕಾದ ತಿರುಳು ಇಷ್ಟೇ: ಹುಡುಕಾಟ ಕೊಡುವವನನ್ನು ತಯಾರು ಮಾಡುತ್ತದೆ, ಪಡೆಯುವವನ ಮುಂದೆ ಬಾಗಿಲು ಹಾಕಲು ಅದು ಕಾರಣವಾಗಬೇಕಿಲ್ಲ.

ಹಂಚುವವರ ಪರವಾದ ತಾತ್ವಿಕ ಸಮರ್ಥನೆ ಹೆಚ್ಚಾಗಿ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನಿಂದ ಬರುತ್ತದೆ. ಸೌಂದರ್ಯದ ತೀರ್ಮಾನವನ್ನು ಕುರಿತ 1790ರ ಗ್ರಂಥದಲ್ಲಿ ಅವನು ‘ಹಿತವಾದದ್ದು’ ಮತ್ತು ‘ಸುಂದರವಾದದ್ದು’ ಎರಡನ್ನೂ ಬೇರೆ ಮಾಡುತ್ತಾನೆ. ಒಂದು ಮದ್ಯ ತನಗೆ ರುಚಿಸುತ್ತದೆ ಎನ್ನುವವನು ‘ತನಗೆ’ ಎಂಬ ಮಾತನ್ನು ಸೇರಿಸಿದರೆ ತೊಂದರೆಯಿಲ್ಲ, ಬೇರೆಯವರ ನಾಲಿಗೆಯ ಮೇಲೆ ಅವನ ಹಕ್ಕೇನೂ ಇಲ್ಲ. ಸುಂದರ ಎನ್ನುವವನು ಮಾತ್ರ ಹೇಳುವಾಗಲೇ ಎಲ್ಲರ ಒಪ್ಪಿಗೆಯನ್ನು ಕೇಳುತ್ತಿರುತ್ತಾನೆ. ಒಪ್ಪಿಗೆ ಸಿಗದೇ ಹೋಗಬಹುದು, ಕೇಳಿಕೆಯಂತೂ ತಪ್ಪದು. ಈ ದೃಷ್ಟಿಯಲ್ಲಿ ಹಾಡನ್ನು ಇನ್ನೊಬ್ಬರಿಗೆ ಕೇಳಿಸುವ ಹಂಬಲ ಮೆಚ್ಚುಗೆಗೆ ಆಮೇಲೆ ಅಂಟಿಕೊಂಡ ಸಾಮಾಜಿಕ ಚಟವಲ್ಲ. ಮೆಚ್ಚುಗೆಯ ಒಳಗೇ ಅದು ಇದೆ. ಚೆಲುವನ್ನು ಗುಟ್ಟಾಗಿಡುತ್ತೇನೆ ಎನ್ನುವವನು ಕಾಂಟ್‌ನ ಪ್ರಕಾರ ಅರ್ಧ ತೀರ್ಮಾನ ಹೇಳಿ ಬಾಯಿ ಮುಚ್ಚಿಕೊಂಡವನು.

ಕಾಂಟ್‌ಗಿಂತ ಸುಮಾರು ಎಂಟು ಶತಮಾನ ಮೊದಲೇ ಕಾಶ್ಮೀರದ ಅಭಿನವಗುಪ್ತ ಇನ್ನೂ ಸೂಕ್ಷ್ಮವಾದ ಒಂದು ಎಳೆಯನ್ನು ಹಿಡಿದಿದ್ದ. ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನು ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು, ಅನುಭವವನ್ನು ‘ಇದು ನನ್ನದು’ ಎಂದೋ ‘ಇದು ಅವನದು’ ಎಂದೋ ಒಬ್ಬರಿಗೆ ಕಟ್ಟಿಹಾಕುವುದು. ಸುಖವನ್ನು ತನ್ನದೆಂದು ಸವಿಯುವವನಲ್ಲಿ ಅದು ಎಲ್ಲಿ ಹೋಗಿಬಿಡುವುದೋ ಎಂಬ ಅಂಜಿಕೆ, ಕಾಪಾಡಿಕೊಳ್ಳುವ ಆತಂಕ, ಅಂಥದೇ ಇನ್ನಷ್ಟನ್ನು ಗಳಿಸುವ ಆಸೆ ಏಳುತ್ತವೆ. ಇಲ್ಲಿಯವರೆಗಿನದು ರೆಕಾರ್ಡು ಸಂಗ್ರಾಹಕನ ಚಿತ್ರದಂತೆಯೇ ಇದೆ. ಅಚ್ಚರಿ ಮುಂದಿದೆ. ಅದೇ ಪಟ್ಟಿಯಲ್ಲಿ ಅಭಿನವಗುಪ್ತ ಸುಖವನ್ನು ಮುಚ್ಚಿಡುವ ಇಚ್ಛೆಯನ್ನೂ ಅದನ್ನು ಸಾರಿ ಹೇಳುವ ಇಚ್ಛೆಯನ್ನೂ ಪಕ್ಕಪಕ್ಕದಲ್ಲೇ ಕೂರಿಸುತ್ತಾನೆ. ಎರಡೂ ವಿಘ್ನಗಳೇ. ಎರಡರಲ್ಲೂ ಮನಸ್ಸು ಹಾಡನ್ನು ಬಿಟ್ಟು ಹಾಡಿನ ಒಡೆಯನ ಕಡೆಗೆ ಹೊರಳಿರುತ್ತದೆ.

ಬಚ್ಚಿಡುವವನಿಗೆ ಎದುರಾಳಿ ಹಂಚುವವನು ಎಂಬ ಸರಳ ಜೋಡಿ ಇಲ್ಲಿ ಮುರಿಯುತ್ತದೆ. ‘ನೀವು ಕೇಳೇ ಇಲ್ಲದ್ದನ್ನು ಕೇಳಿಸುತ್ತೇನೆ ನೋಡಿ’ ಎನ್ನುವವನೂ ಕಪಾಟಿಗೆ ಬೀಗ ಹಾಕುವವನೂ ಒಂದೇ ಮನೆಯವರು. ಇಬ್ಬರಿಗೂ ಮುಖ್ಯವಾದದ್ದು ಹಾಡನ್ನು ಕಂಡುಹಿಡಿದವನು ಯಾರು ಎಂಬುದು. ರಸಸಿದ್ಧಾಂತ ಒಪ್ಪುವ ಹಂಚಿಕೆ ಮೂರನೆಯದು. ಕೊಟ್ಟವನು ಪಕ್ಕಕ್ಕೆ ಸರಿದು, ಕೇಳುವ ಇಬ್ಬರೂ ಹಾಡಿನ ಎದುರು ಸಮಾನರಾಗಿ ಕೂರುವ ಸ್ಥಿತಿ ಅದು. ಅನುಭವ ಹೀಗೆ ಯಾರೊಬ್ಬರದೂ ಅಲ್ಲದಂತಾಗುವುದನ್ನು ಆಲಂಕಾರಿಕ ಭಟ್ಟನಾಯಕ ಸಾಧಾರಣೀಕರಣ ಎಂದು ಕರೆದ. ‘ಸಹೃದಯ’ ಎಂಬ ನಮ್ಮ ಬಳಕೆಯ ಮಾತು ಅಂಥ ಕೇಳುಗನನ್ನೇ ಸೂಚಿಸುತ್ತದೆ.

ಇದಕ್ಕೆ ಹತ್ತಿರ ಬಂದ ಒಬ್ಬ ಹಂಚುಗಾರನೆಂದರೆ ಬಿಬಿಸಿಯ ಜಾನ್ ಪೀಲ್. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಅವನು ರೇಡಿಯೊ 1ರಲ್ಲಿ ಹೆಸರಿಲ್ಲದ ತಂಡಗಳ ರೆಕಾರ್ಡುಗಳನ್ನು ಕೇಳಿಸಿದ. 1978ರಲ್ಲಿ ಬೆಲ್‌ಫಾಸ್ಟಿನ ಸಣ್ಣ ಸಂಸ್ಥೆಯೊಂದು ಹೊರತಂದ, ಡೆರಿ ಊರಿನ ಅಂಡರ್‌ಟೋನ್ಸ್ ಹುಡುಗರ ‘ಟೀನೇಜ್ ಕಿಕ್ಸ್’ ಹಾಡನ್ನು ಒಮ್ಮೆ ಕೇಳಿಸಿ, ಸಾಲದೆಂದು ಬೆನ್ನಿಗೇ ಮತ್ತೊಮ್ಮೆ ಕೇಳಿಸಿದ. ವಿಮರ್ಶೆಯ ಭಾಷೆಯಲ್ಲಿ ಇದಕ್ಕಿಂತ ಚುಟುಕಾದ ಮೆಚ್ಚುಗೆ ಇರಲಾರದು. ಕೆಲವೊಮ್ಮೆ ತಪ್ಪು ವೇಗದಲ್ಲಿ ರೆಕಾರ್ಡು ತಿರುಗಿಸಿಬಿಡುತ್ತಿದ್ದ, ಅದನ್ನು ಅಲ್ಲೇ ಹೇಳಿಯೂಬಿಡುತ್ತಿದ್ದ. ದೇಶಕ್ಕೆಲ್ಲ ಹಂಚಿದ ಈ ಮನುಷ್ಯನೂ ಮನೆಯಲ್ಲಿ ನೂರನಲವತ್ತಕ್ಕೂ ಹೆಚ್ಚು ಸಿಂಗಲ್ಲುಗಳ ಒಂದು ಮರದ ಪೆಟ್ಟಿಗೆಯನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದ. ಪ್ರೀತಿಯಿಂದ ಇಟ್ಟುಕೊಳ್ಳುವುದಕ್ಕೂ ಬಚ್ಚಿಡುವುದಕ್ಕೂ ವ್ಯತ್ಯಾಸವಿದೆ ಎಂಬುದಕ್ಕೆ ಆ ಪೆಟ್ಟಿಗೆ ಸಾಕ್ಷಿ.

ಇನ್ನು ಹಾಡು ಮಾಡಿದವರ ಹಕ್ಕು. ಕೇಳುಗರಿಬ್ಬರ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಮೂರನೆಯವರು ಸುಲಭವಾಗಿ ಮರೆತುಹೋಗುತ್ತಾರೆ. ಡೆಡ್ ಕೆನಡೀಸ್ ತಂಡ 1981ರ ತನ್ನ ಕ್ಯಾಸೆಟ್ಟಿನಲ್ಲಿ ಹಾಡುಗಳನ್ನೆಲ್ಲ ಒಂದೇ ಬದಿಗೆ ತುಂಬಿಸಿ, ಇನ್ನೊಂದು ಬದಿಯನ್ನು ಬೇಕಾದದ್ದನ್ನು ಮುದ್ರಿಸಿಕೊಳ್ಳಿ ಎಂದು ಖಾಲಿ ಬಿಟ್ಟಿತು. ಮನೆಯಲ್ಲಿ ಕ್ಯಾಸೆಟ್ ನಕಲು ಮಾಡುವುದರಿಂದ ಸಂಗೀತವೇ ಸಾಯುತ್ತದೆ ಎಂದು ಆಗ ದೊಡ್ಡ ಕಂಪನಿಗಳು ಎಬ್ಬಿಸಿದ್ದ ಕೂಗಿಗೆ ಅದು ಕೊಟ್ಟ ಉತ್ತರ. ಇಲ್ಲಿ ಅನುಮತಿ ಮಾಡಿದವರಿಂದಲೇ ಬಂದಿತ್ತು. ಮರೆತ ಪಂಕ್ ಸಿಂಗಲ್ಲುಗಳನ್ನು ಕೂಡಿಹಾಕಿ 1980ರ ದಶಕದ ಕೊನೆಯಿಂದ ಹೊರಬಂದ ‘ಕಿಲ್ಡ್ ಬೈ ಡೆತ್’ ಸಂಕಲನಗಳಲ್ಲಿ ಅಂಥ ಅನುಮತಿಯಿರಲಿಲ್ಲ. ಅವು ಇಲ್ಲದಿದ್ದರೆ ಆ ತಂಡಗಳಲ್ಲಿ ಹಲವು ಇಂದು ನೆನಪಿನಲ್ಲೂ ಇರುತ್ತಿರಲಿಲ್ಲ ಎಂಬುದು ನಿಜ. ಹಣ ಹಾಡಿದವರ ಕೈ ಸೇರಲಿಲ್ಲ ಎಂಬುದೂ ಅಷ್ಟೇ ನಿಜ. ಮೊದಲ ನಿಜ ಎರಡನೆಯದನ್ನು ವಜಾ ಮಾಡುವುದಿಲ್ಲ.

ಡೆಟ್ರಾಯ್ಟಿನ ಕಪ್ಪು ಸಮುದಾಯದ ಮೂವರು ಹ್ಯಾಕ್ನಿ ಸಹೋದರರ ‘ಡೆತ್’ ತಂಡದ ಕಥೆ, ಹಾಡು ಮಾಡಿದವರಿಗೆ ಕೇಳುಗರು ಉಳಿಸಿಕೊಂಡ ಈ ಸಾಲದ ಇನ್ನೊಂದು ಮುಖ. ಪಂಕ್ ಎಂಬ ಹೆಸರು ಹರಡುವ ಮೊದಲೇ, 1975ರಲ್ಲಿ, ಅವರು ಏಳು ಹಾಡುಗಳನ್ನು ಧ್ವನಿಮುದ್ರಿಸಿದ್ದರು. ಹೆಸರು ಬದಲಿಸಿದರೆ ದಾರಿ ತೆರೆಯುತ್ತದೆ ಎಂಬ ಸೂಚನೆ ಬಂದಾಗ ಹಿರಿಯವ ಡೇವಿಡ್ ಒಪ್ಪಲಿಲ್ಲ. ಸಾವು ಅವನಿಗೆ ಹೆದರಿಸುವ ಮಾತಾಗಿರಲಿಲ್ಲ. ಎಲ್ಲರೂ ಹಾಯಬೇಕಾದ ಆಧ್ಯಾತ್ಮಿಕ ಹೊಸ್ತಿಲಾಗಿತ್ತು. 1976ರಲ್ಲಿ ತಾವೇ 500 ಪ್ರತಿಗಳ ಒಂದು ಸಿಂಗಲ್ ತಂದರು, ಅಲ್ಲಿಗೆ ಮುಗಿಯಿತು. ಡೇವಿಡ್ 2000ದಲ್ಲಿ ತೀರಿಕೊಂಡ. ಒಂದು ದಿನ ಜಗತ್ತು ಇದನ್ನು ಹುಡುಕಿಕೊಂಡು ಬರುತ್ತದೆ ಎಂದು ಹೇಳಿ ಮೂಲ ಟೇಪುಗಳನ್ನು ತಮ್ಮ ಬಾಬಿಯ ಕೈಗೆ ಕೊಟ್ಟಿದ್ದ. ಸಂಗ್ರಾಹಕರ ನಡುವೆ ಆ ಸಿಂಗಲ್ ಸುತ್ತತೊಡಗಿ, ಒಂದು ಕೂಟದಲ್ಲಿ ಅದನ್ನು ಕೇಳಿದ ಬಾಬಿಯ ಮಗನಿಗೆ ಹಾಡುತ್ತಿರುವುದು ತನ್ನಪ್ಪನೆಂದು ಹೊಳೆಯಿತು. ಟೇಪುಗಳು 2009ರಲ್ಲಿ ಆಲ್ಬಮ್ಮಾಗಿ ಹೊರಬಂದವು. ಇಲ್ಲಿ ಹಂಚಿಕೆ ಸುತ್ತಿ ಬಳಸಿ ಮಾಡಿದವರ ಮನೆಬಾಗಿಲಿಗೇ ಬಂತು. ಲಂಡನ್ನಿನ ರೇನ್‌ಕೋಟ್ಸ್ ತಂಡದ ವಿಷಯದಲ್ಲಿ ಹಾದಿ ಇನ್ನೂ ನೇರ. ಅವರ 1979ರ ಆಲ್ಬಮ್ಮಿನ ಹೊಸ ಪ್ರತಿ ಹುಡುಕಿ ಅಮೆರಿಕದ ರಾಕ್ ಗಾಯಕ ಕರ್ಟ್ ಕೊಬೇನ್ 1992ರಲ್ಲಿ ಲಂಡನ್ನಿನ ರಫ್ ಟ್ರೇಡ್ ಅಂಗಡಿಗೆ ಹೋದ, ಅಲ್ಲಿಂದ ತಂಡದ ಆನಾ ಡ ಸಿಲ್ವಾ ಕೆಲಸ ಮಾಡುತ್ತಿದ್ದ ಅಂಗಡಿಗೇ ಹೋಗಿ ಅವರನ್ನು ಕಂಡ. ಆ ಆಲ್ಬಮ್ ಮತ್ತೆ ಅಚ್ಚಾದಾಗ ಮುನ್ನುಡಿ ಬರೆದವನೂ ಅವನೇ.

ಕೊಬೇನ್ ತನ್ನ ಮೆಚ್ಚಿನ ಐವತ್ತು ಆಲ್ಬಮ್ಮುಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದ ಮತ್ತೊಂದು ಹೆಸರು ‘ಶ್ಯಾಗ್ಸ್’. ಹಂಚಿಕೆಯ ಅತಿ ತೊಡಕಿನ ಪ್ರಸಂಗ ಇದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಫ್ರೀಮಾಂಟ್ ಎಂಬ ಸಣ್ಣ ಊರಿನ ವಿಗಿನ್ ಸಹೋದರಿಯರು ತಾವಾಗಿ ತಂಡ ಕಟ್ಟಿದವರಲ್ಲ. ಮಗನ ಹೆಣ್ಣುಮಕ್ಕಳು ಹೆಸರಾಂತ ವಾದ್ಯತಂಡ ಕಟ್ಟುತ್ತಾರೆ ಎಂದು ತನ್ನ ತಾಯಿ ಕೈ ನೋಡಿ ನುಡಿದ ಭವಿಷ್ಯವನ್ನು ನಂಬಿ ಅವರ ತಂದೆ ಆಸ್ಟಿನ್ ಅವರನ್ನು ಶಾಲೆ ಬಿಡಿಸಿ ವಾದ್ಯ ಹಿಡಿಸಿದ. 1969ರ ಅವರ ಆಲ್ಬಮ್ಮಿನ 1000 ಪ್ರತಿಗಳಲ್ಲಿ ಬಹುಪಾಲು ಕೈಸೇರುವ ಮೊದಲೇ ಕಾಣೆಯಾದವು. 1975ರಲ್ಲಿ ತಂದೆ ತೀರಿಕೊಂಡ, ಮಕ್ಕಳು ನುಡಿಸುವುದನ್ನು ನಿಲ್ಲಿಸಿದರು. 1980ರಲ್ಲಿ ಎನ್‌ಆರ್‌ಬಿಕ್ಯೂ ಎಂಬ ತಂಡದವರ ಮುತುವರ್ಜಿಯಿಂದ ಅದು ಮತ್ತೆ ಅಚ್ಚಾಯಿತು. ತಾಳ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ ಹೋಗುವ ಆ ಹಾಡುಗಳನ್ನು ಕೆಲವರು ಎಲ್ಲೂ ಇಲ್ಲದ ಹೊಸ ಲಯವೆಂದು ಹಂಚಿದರು, ಕೆಲವರು ಜಗತ್ತಿನ ಅತಿ ಕೆಟ್ಟ ಸಂಗೀತವೆಂದು ನಗಲು ಹಂಚಿದರು. ಎರಡೂ ಕಡೆ ಕೈ ಬದಲಾಯಿಸಿದ್ದು ಅದೇ ರೆಕಾರ್ಡು.

ಕಾಂಟ್‌ನ ಅಳತೆಗೋಲು ಇಲ್ಲಿ ಅರ್ಧ ದೂರ ಮಾತ್ರ ಬರುತ್ತದೆ. ಮೆಚ್ಚಿದವನು ಎಲ್ಲರ ಒಪ್ಪಿಗೆ ಕೇಳಬಹುದು, ವಾದದಿಂದ ಅದನ್ನು ಸಾಧಿಸಿ ತೋರಿಸಲಾರ. ನಗಲು ಹಂಚುವವನೂ ಒಂದು ಬಗೆಯ ಒಪ್ಪಿಗೆಯನ್ನೇ ಕೇಳುತ್ತಾನೆ. ಅವನಿಗೆ ಬೇಕಾದ ಸಮಾನತೆ ಕೇಳುಗರಿಬ್ಬರ ನಡುವಿನದು ಮಾತ್ರ, ಹಾಡಿದವರು ಅದರ ಹೊರಗೆ. ಅಭಿನವಗುಪ್ತನ ಪಟ್ಟಿಯಲ್ಲಿ ‘ಇದು ಅವರದು’ ಎಂದು ದೂರ ನಿಲ್ಲಿಸುವುದೂ ವಿಘ್ನವೇ ಆದ್ದರಿಂದ ಅವನ ಅಳತೆ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಆದರೂ ಒಂದು ಗಂಟು ಉಳಿಯುತ್ತದೆ. ಶ್ಯಾಗ್ಸ್ ಸಹೋದರಿಯರನ್ನು ಮೊದಲು ನಗುತ್ತಲೇ ಕೇಳಿ, ಹತ್ತನೆಯ ಸಲಕ್ಕೆ ನಗು ನಿಂತು, ಹಾಡು ಹಿಡಿದುಕೊಂಡಿತು ಎನ್ನುವವರು ಕಡಿಮೆಯೇನಲ್ಲ. ತಪ್ಪು ಕಾರಣಕ್ಕೆ ಕೊಟ್ಟದ್ದು ಸರಿಯಾದ ಕಿವಿಗೆ ಬಿದ್ದಾಗ ಅದನ್ನು ಹಂಚಿಕೆ ಎನ್ನಬೇಕೇ ಬೇಡವೇ ಎಂಬುದಕ್ಕೆ ಎರಡೂ ಸಿದ್ಧಾಂತಗಳಲ್ಲಿ ತಯಾರಾದ ಉತ್ತರವಿಲ್ಲ.