ತಿಳಿದೇ ಕೊಂಡ ದೋಣಿ

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಿಷೇಧ. ಹಳೆಯ ಬೋಟುಗಳ ವ್ಯಾಪಾರ ಕುದುರಲು ಅದೇ ಬಿಡುವಿನ ಕಾಲ. ಅಂಥ ಒಂದು ಮಳೆಗಾಲದಲ್ಲಿ ಗಂಗೊಳ್ಳಿಯ ನನ್ನ ಭಾವ ಬೋಟೊಂದನ್ನು ನೋಡಲು ನನ್ನನ್ನೂ ಜೊತೆಗೆ ಕರೆದೊಯ್ದರು.

ಹಳೆಯ ಇಂಜಿನ್ ಮಾರುವವರಲ್ಲಿ ಕೆಲವರು ಗಿರಾಕಿ ಬರುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ. ಬಿಸಿ ಇಂಜಿನ್ ಬೇಗ ಸ್ಟಾರ್ಟ್ ಆಗುತ್ತದೆ, ರೋಗ ಮುಚ್ಚಿಹೋಗುತ್ತದೆ. ಈ ಬೋಟಿನ ಯಜಮಾನರು ಹಾಗೆ ಮಾಡಿರಲಿಲ್ಲ. "ಸಾಯ್ಬ್ರೆ, ಮುಚ್ಚಿಡುದ್ ಎಂತದೂ ಇಲ್ಲೆ. ದೂರ ಹೋದ್ರೆ ಇಂಜಿನ್ ಬಿಸಿ ಏರತ್ತ್" ಎಂದು ಅವರೇ ಆಯಿಲ್ ಕಡ್ಡಿಯನ್ನು ಎಳೆದು ತೋರಿಸಿದರು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗೆ ನೀರು ಸೇರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದನ್ನೇ ಹಿಡಿದು ಭಾವ ಚೌಕಾಸಿ ಮಾಡಿದರು. ಒಂದು ಲಕ್ಷ ಇಳಿಯಿತು, ವ್ಯಾಪಾರ ಮುಗಿಯಿತು.

"ಅವರು ಸುಳ್ಳು ಹೇಳಲಿಲ್ಲ, ನಾನು ಮೋಸ ಹೋಗಲಿಲ್ಲ. ಇದಕ್ಕಿಂತ ಹಲಾಲಾದ ವ್ಯಾಪಾರ ಎಲ್ಲಿದೆ?" ಎಂದು ದಾರಿಯಲ್ಲಿ ಭಾವ ಕೇಳಿದರು. ಆಗ ಹೌದೆಂದೆ. ಆದರೆ ರಾತ್ರಿ ಆ ಪ್ರಶ್ನೆ ಮತ್ತೆ ಮತ್ತೆ ಕಾಡಿತು.

ಕಾನೂನು ನೋಡಿದರೆ ಭಾವನ ಮಾತು ಸರಿ. 1930ರ ಸರಕು ಮಾರಾಟ ಕಾಯ್ದೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೊಳ್ಳುವವನೇ ಎಚ್ಚರದಿಂದಿರಬೇಕೆಂಬ ನಿಲುವಿನದು. ಇಸ್ಲಾಮೀ ಫಿಕ್ಹ್ ಮಾರುವವನ ಮೇಲೆ ಇನ್ನೂ ಹೆಚ್ಚು ಹೊಣೆ ಹೊರಿಸುತ್ತದೆ. ಮಾಲಿನ ಐಬನ್ನು ಮುಚ್ಚಿಟ್ಟು ಮಾರಿದರೆ ಕೊಂಡವನಿಗೆ ಅದನ್ನು ಹಿಂದಿರುಗಿಸುವ ಹಕ್ಕಿದೆ. ಅದಕ್ಕೆ ಖಿಯಾರುಲ್ ಐಬ್ ಎನ್ನುತ್ತಾರೆ. ಪ್ರವಾದಿಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗಿನ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಬೋಟಿನ ಯಜಮಾನರು ತಮ್ಮ ಒದ್ದೆಯನ್ನು ಮೇಲೆಯೇ ಇಟ್ಟಿದ್ದರು. ಐಬು ತಿಳಿದೂ ಒಪ್ಪಿ ಕೊಂಡವನಿಗೆ ಆ ಹಕ್ಕು ಉಳಿಯುವುದಿಲ್ಲ. ಇಬ್ಬರ ನಡುವಿನ ಲೆಕ್ಕ ಚುಕ್ತಾ.

ಆದರೆ ಬೋಟಿನಲ್ಲಿ ಹೋಗುವವರು ಆ ಇಬ್ಬರೇ ಅಲ್ಲವಲ್ಲ! ತಾಂಡೇಲನಿದ್ದಾನೆ, ನಾಲ್ಕೈದು ಕಲಾಸಿಗಳಿದ್ದಾರೆ. ಪಂಚಗಂಗಾವಳಿಯ ಅಳಿವೆ ದಾಟುವಾಗ ಇಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ, ಮಗುಚಲೂಬಹುದು. ಆ ಚೌಕಾಸಿ ನಡೆದಾಗ ಅವರು ಯಾರೂ ಅಲ್ಲಿರಲಿಲ್ಲ. ಆಯಿಲ್‌ನ ಬಣ್ಣವನ್ನು ಅವರಿಗೆ ಯಾರೂ ತೋರಿಸಲಿಲ್ಲ. ತೋರಿಸಿದರೂ, ಯಜಮಾನನಿಂದ ಮುಂಗಡ ಪಡೆದ ಕಲಾಸಿ ಬರುವುದಿಲ್ಲ ಎನ್ನಬಲ್ಲನೆ? ಕೊಳ್ಳುವವನ ಒಪ್ಪಿಗೆಯೂ ಅವನ ಒಪ್ಪಿಗೆಯೂ ಒಂದೇ ತೂಕದವಲ್ಲ.

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರ ಒಂದು ಪ್ರಬಂಧವನ್ನು ಇಂಥದೇ ಕತೆಯಿಂದ ಆರಂಭಿಸಿದ್ದಾನೆ. ಹಡಗು ಹಳೆಯದೆಂದು ಅದರ ಒಡೆಯನಿಗೆ ಗೊತ್ತು. ಇಷ್ಟು ದಿನ ಏನೂ ಆಗಿಲ್ಲ, ಈಗಲೂ ಆಗದು ಎಂದು ಅವನು ಮನಸ್ಸನ್ನು ಒಪ್ಪಿಸಿಕೊಂಡು ವಲಸಿಗರನ್ನು ಕಳುಹಿಸುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆಯ ಹಣ ಬರುತ್ತದೆ. ಕ್ಲಿಫರ್ಡ್ ಇಷ್ಟಕ್ಕೇ ನಿಲ್ಲುವುದಿಲ್ಲ. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಒಡೆಯನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ ಎನ್ನುತ್ತಾನೆ. 1870ರಲ್ಲಿ ಸಿಸಿಲಿಯ ಬಳಿ ಹಡಗು ಒಡೆದಾಗ ಅವನೂ ಆ ಹಡಗಿನಲ್ಲಿದ್ದ. ಅದನ್ನು ನೆನೆದರೆ ಈ ಮಾತಿನ ಭಾರ ಹೆಚ್ಚುತ್ತದೆ.

ಕುರ್‌ಆನಿನ ಕಹ್ಫ್ ಅಧ್ಯಾಯದಲ್ಲೂ ಒಂದು ದೋಣಿಯಿದೆ. ನಾವು ಖಿಝ್ರ್ ಎಂದು ಕರೆಯುವ ಜ್ಞಾನಿ ಬಡವರ ದೋಣಿಗೆ ಬೇಕೆಂದೇ ಊನ ಮಾಡುತ್ತಾನೆ. ಒಳ್ಳೆಯ ದೋಣಿಗಳನ್ನು ಕಸಿದುಕೊಳ್ಳುವ ರಾಜನಿಂದ ಅದನ್ನು ಉಳಿಸಲೆಂದು ಹಾಗೆ ಮಾಡಿದನೆಂದು ಮೂಸಾರಿಗೆ ತಿಳಿಯುವುದು ಆಮೇಲೆ. ತಿಳಿಯುವ ಮುನ್ನ ಅವರ ಬಾಯಿಂದ ಹೊರಟ ಪ್ರಶ್ನೆ ದೋಣಿಯ ಬೆಲೆಯದ್ದಲ್ಲ. ದೋಣಿಯಲ್ಲಿರುವ ಜನರನ್ನು ಮುಳುಗಿಸಲು ಹೀಗೆ ಮಾಡಿದಿರಾ ಎಂಬುದು. ಊನವಾದ ದೋಣಿ ಕಂಡ ಕೂಡಲೇ ಮನುಷ್ಯನಿಗೆ ಮೊದಲು ಹೊಳೆಯಬೇಕಾದ ಪ್ರಶ್ನೆ ಅದೇ. ನಮಗೆ ಅಂದು ಹೊಳೆದದ್ದು ಒಂದು ಲಕ್ಷ.

ಆ ಒಂದು ಲಕ್ಷ ಯಾರದು? ಇಂಜಿನ್ ಕೆಟ್ಟಿದೆ ಎಂಬ ಕಾರಣಕ್ಕೇ ಅದು ಇಳಿದದ್ದು. ಆ ಇಂಜಿನ್‌ನ ಅಪಾಯ ಹೊರುವವರು ಕಲಾಸಿಗಳು. ಅಂದಮೇಲೆ ಅದು ಭಾವನ ಲಾಭವಲ್ಲ. ಕಲಾಸಿಗಳ ಪಾಲಿನದು, ಭಾವನ ಬಳಿಯಿರುವ ಅಮಾನತ್ತು. ಇಂಜಿನ್ ಬಿಚ್ಚಿಸಿ ಸರಿಪಡಿಸಿದಾಗ ಮಾತ್ರ ಆ ಋಣ ತೀರುತ್ತದೆ.

ಹಾಗೆಂದು ಬಡವ ಹಳೆಯ ಬೋಟು ಕೊಳ್ಳಲೇಬಾರದು ಎನ್ನಲಾರೆ. ಹೊಸದಕ್ಕೆ ಹಣ ಎಲ್ಲಿಂದ ಬರಬೇಕು? ಹಳೆಯದೇ ಎಷ್ಟೋ ಮನೆಗಳ ಒಲೆ ಉರಿಸಿದೆ. ತಿಳಿದು ಕೊಳ್ಳುವುದು ತಪ್ಪಲ್ಲ, ಕೊಂಡ ಮೇಲೆ ತಿಳಿದದ್ದನ್ನು ಮರೆಯುವುದು ತಪ್ಪು. ಯಜಮಾನರು ಬೋಟಿನ ಜೊತೆ ಅದರ ಐಬಿನ ಅರಿವನ್ನೂ ಭಾವನಿಗೆ ದಾಟಿಸಿದ್ದರು. ಅಂದಿನಿಂದ ಗೊತ್ತಿರಲಿಲ್ಲ ಎನ್ನುವ ನೆಪ ಭಾವನಿಗೆ ಇಲ್ಲವಾಯಿತು. ಜೊತೆಗಿದ್ದ ನನಗೂ.

ಮರುದಿನ ಇದನ್ನು ಹೇಳಿದಾಗ ಭಾವ ರೇಗಿದರು. "ಕತೆ ಬರೆಯುವವನಿಗೆ ಡೀಸೆಲ್ ರೇಟು ಗೊತ್ತಾ?" ಎಂದರು. ಗೊತ್ತಿರಲಿಲ್ಲ. ಆಗಸ್ಟ್ 1ರಂದು ಉಳಿದ ಬೋಟುಗಳು ಕಡಲಿಗಿಳಿದಾಗ ಭಾವನದು ಇನ್ನೂ ದಡದಲ್ಲೇ ಇತ್ತು, ಇಂಜಿನ್ ಮೆಕ್ಯಾನಿಕ್ಕನ ಬಳಿ. ಋತುವಿನ ಮೊದಲ ಹದಿನೈದು ದಿನದ ಮೀನು ಕೈತಪ್ಪಿತು. ಆ ನಷ್ಟದ ಲೆಕ್ಕವನ್ನು ಅವರು ಈಗಲೂ ನನ್ನೆದುರು ಒಪ್ಪಿಸುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಆ ಹದಿನೈದು ದಿನಗಳಲ್ಲಿ ಏನು ಉಳಿಯಿತು ಎಂಬುದನ್ನು ಲೆಕ್ಕ ಹಾಕಿ ತೋರಿಸಲು ನನ್ನಿಂದಲೂ ಆಗುವುದಿಲ್ಲ.