ದೂತನು ಮೊದಲು ಕೊಟ್ಟದ್ದು ರೊಟ್ಟಿ

ಒಂದನೇ ಅರಸುಗಳು 19ನೇ ಅಧ್ಯಾಯ ತೆಗೀರಿ.

ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದಿದ್ದಾನೆ, ಸಾವು ಬೇಡ್ತಿದ್ದಾನೆ. ದೇವದೂತ ಬಂದು ಬೈದನಾ? ನಿನಗೆ ವಿಶ್ವಾಸ ಕಮ್ಮಿ ಅಂದನಾ? ಇಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅದೂ ಎರಡು ಸಲ.

ನನಗೆ ಟೈಪ್ 1 ಶುಗರ್ ಇದೆ. ಒಂದು ಉಪವಾಸ ಪ್ರಾರ್ಥನೆಯ ದಿನ ಡಾಕ್ಟರನ್ನ ಕೇಳದೆ, ಇನ್ಸುಲಿನ್ ತಗೊಂಡು, ಏನೂ ತಿನ್ನದೆ ಕೂತೆ. ಕೈ ನಡುಗ್ತು, ಬೆವರು ಹರೀತು. ಜೇಬಲ್ಲಿ ಗ್ಲೂಕೋಸ್ ಇತ್ತು, ತೆಗೀಲಿಲ್ಲ. ಪಾಸ್ಟರೇ ತಿಂದರೆ ಜನ ಏನಂದಾರು ಅಂತ. ಅಲ್ಲೇ ಬಿದ್ದೆ. ಪಕ್ಕದವರು ಅಭಿಷೇಕ ಅಂದ್ಕೊಂಡು ಸ್ತೋತ್ರ ಹೇಳಿದರು! ನನ್ನ ಹೆಂಡತಿ ಮಾತ್ರ ಓಡಿಬಂದು ಬೆರಳು ಚುಚ್ಚಿ ನೋಡಿದಳು: 38. ಕಣ್ಣು ಬಿಟ್ಟಿದ್ದು ಆಸ್ಪತ್ರೆಯಲ್ಲಿ.

ನನ್ನನ್ನು ಬೀಳಿಸಿದ್ದು ಶುಗರ್ ಒಂದೇ ಅಲ್ಲ, ನನ್ನ ಹೆಮ್ಮೆ.

ಶುಗರ್ ಇರೋರು ಬೆವರಿ, ಮಾತು ತಡವರಿಸಿದರೆ ಚೆಕ್ ಮಾಡಿ. 70ಕ್ಕಿಂತ ಕೆಳಗಿದ್ದು, ನುಂಗೋಕೆ ಆಗೋದಾದ್ರೆ 15 ಗ್ರಾಂ ಗ್ಲೂಕೋಸ್ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಫೋನ್ ಮಾಡಿ ಆಮೇಲೆ ಪ್ರಾರ್ಥಿಸಿ.

ಎಲೀಯ ಆ ಊಟದ ಬಲದಿಂದ 40 ದಿನ ನಡೆದು ಹೋರೇಬಿಗೆ ಬಂದ. ತಿಂದದ್ದಕ್ಕೆ ದೇವರ ಸ್ವರ ತಪ್ಪಿಹೋಗಲಿಲ್ಲ; ಅಲ್ಲೇ ಕೇಳಿಸಿತು. ಈಗ ನಾನು ಬೈಬಲ್ ಪಕ್ಕದಲ್ಲಿ ಗ್ಲೂಕೋಸ್ ಇಟ್ಕೊಂಡೇ ಇಲ್ಲಿ ನಿಲ್ತೀನಿ. ಕಾಯಿಲೆ ಮುಚ್ಚಿಟ್ಕೊಂಡು ಕೂತಿರೋರು ಇವತ್ತೇ ಪಕ್ಕದವರಿಗೆ ಹೇಳಿ. ಆಮೆನ್.